ಅಕ್ಕೋರ ಕಂಪ್ಯೂಟರ್ ಅಳಿಸಿದ ಫಕ್ಕೀರೇಶ

ರಾಣೆಬೆನ್ನೂರಿನಲ್ಲಿ ಫಕ್ಕೀರೇಶ ಎಂಬ ಕಂಪ್ಯೂಟರ್ ರಿಪೇರಿಯವನಿದ್ದ. ಕೈ ಚುರುಕು, ಮಾತು ಕಡಿಮೆ. ಕಂಪ್ಯೂಟರ್ ತೀರಾ ನಿಧಾನವಾದರೆ, ವೈರಸ್ ಹೊಕ್ಕು ತಾನೇ ಆಫ್ ಆಗಿ ತಾನೇ ಆನ್ ಆಗುತ್ತಿದ್ದರೆ, ಜನ ಅದನ್ನು ಅವನ ಅಂಗಡಿಗೆ ತರುತ್ತಿದ್ದರು. ಅವನು ಹಾರ್ಡ್ ಡಿಸ್ಕನ್ನು ಪೂರ್ತಿ ಅಳಿಸಿ, ಹೊಸದಾಗಿ ವಿಂಡೋಸ್ ಹಾಕಿ, ಮರುದಿನದೊಳಗೆ ಹೊಸದರಂತೆ ಮಾಡಿ ಕೊಡುತ್ತಿದ್ದ.

ಅಳಿಸುವ ಮೊದಲು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದ. ಬೇಕಾದ್ದನ್ನೆಲ್ಲ ಬೇರೆ ಕಡೆ ತೆಗೆದಿಟ್ಟುಕೊಂಡಿದ್ದೀರಾ? ಹೌದು ಅಂದರೆ ಅಲ್ಲಿಗೆ ಮುಗಿಯಿತು. ಆಮೇಲೆ ಏನು ಕಳೆದುಹೋದರೂ ಅದು ಅವರ ಪಾಡು ಎಂದುಕೊಂಡಿದ್ದ. ಹನ್ನೊಂದು ವರ್ಷ ಹಾಗೇ ನಡೆದಿತ್ತು.

ಒಂದು ಸೋಮವಾರ ಕಿವಿ ಕೇಳದ ಮಕ್ಕಳ ವಸತಿ ಶಾಲೆಯ ಸರೋಜಿನಿ ಅಕ್ಕೋರು ಕಂಪ್ಯೂಟರನ್ನು ತೊಡೆಯ ಮೇಲೆ ಇಟ್ಟುಕೊಂಡು ಆಟೋದಲ್ಲಿ ಬಂದರು. ಆ ಕಡೆ ಶಿಕ್ಷಕಿಯರನ್ನು ಅಕ್ಕೋರು ಎಂದೇ ಕರೆಯುತ್ತಾರೆ. ಕಂಪ್ಯೂಟರ್ ತೆರೆಯಲು ಅರ್ಧ ತಾಸು ಬೇಕಾಗುತ್ತದೆ, ತೆರೆದರೆ ಬೇಡದ ಜಾಹೀರಾತುಗಳು ತುಂಬಿಕೊಳ್ಳುತ್ತವೆ ಎಂದು ಹೇಳಿದರು. ಎಲ್ಲ ಅಳಿಸಬೇಕಾಗುತ್ತದೆ ಎಂದ ಫಕ್ಕೀರೇಶ. ಆಮೇಲೆ ತನ್ನ ಪ್ರಶ್ನೆ ಕೇಳಿದ. ಅಕ್ಕೋರು ಚೀಲದಿಂದ ಒಂದು ಪೆನ್ ಡ್ರೈವ್ ತೆಗೆದು ತೋರಿಸಿ, ಎಲ್ಲ ಇದರಲ್ಲಿ ಹಾಕಿಕೊಂಡಿದ್ದೇನೆ ಎಂದರು. ಹೇಳುವಾಗ ಅವರ ಮುಖದಲ್ಲಿ ಸಣ್ಣ ಹೆಮ್ಮೆ ಇತ್ತು. ಯಾರ ನೆರವೂ ಇಲ್ಲದೆ ತಾವೇ ಮಾಡಿದ ಕೆಲಸವಾಗಿತ್ತು ಅದು.

ಫಕ್ಕೀರೇಶ ಅಳಿಸಿದ. ವಿಂಡೋಸ್ ಹಾಕಿದ. ಕನ್ನಡ ಟೈಪ್ ಮಾಡಲು ಬೇಕಾದ್ದನ್ನೂ ಕೇಳದೆಯೇ ಹಾಕಿಕೊಟ್ಟ. ಮಂಗಳವಾರ ಸಂಜೆ ಅಕ್ಕೋರು ಬಂದು ಖುಷಿಯಿಂದ ಒಯ್ದರು.

ಗುರುವಾರ ಬೆಳಿಗ್ಗೆ ಅವನು ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಅವರು ಕಂಪ್ಯೂಟರಿನೊಂದಿಗೆ ಅಲ್ಲಿ ನಿಂತಿದ್ದರು. ಪೆನ್ ಡ್ರೈವ್ ಹಾಕಿದರೆ ಏನೂ ತೆರೆಯುತ್ತಿಲ್ಲ ಎಂದರು. ಫಕ್ಕೀರೇಶ ಅದನ್ನು ತನ್ನ ಕಂಪ್ಯೂಟರಿಗೆ ಹಾಕಿದ. ಒಳಗೆ ಒಂದೇ ಒಂದು ಫೋಲ್ಡರಿನ ಚಿತ್ರವಿತ್ತು, ಮೂಲೆಯಲ್ಲಿ ಸಣ್ಣ ಬಾಣದ ಗುರುತು. ಅವನಿಗೆ ತಕ್ಷಣ ತಿಳಿಯಿತು. ಅಕ್ಕೋರು ಪರದೆಯ ಮೇಲಿದ್ದ ಶಾರ್ಟ್‌ಕಟ್ ಅನ್ನು ಮಾತ್ರ ನಕಲು ಮಾಡಿಕೊಂಡಿದ್ದರು. ಅದು ಮನೆಯ ವಿಳಾಸ ಬರೆದ ಚೀಟಿ ಇದ್ದ ಹಾಗೆ. ಮನೆಯನ್ನು ಅವನು ಸೋಮವಾರವೇ ಕೆಡವಿ, ಅದೇ ಜಾಗದಲ್ಲಿ ಹೊಸದನ್ನು ಕಟ್ಟಿಬಿಟ್ಟಿದ್ದ.

ಒಳಗೆ ಏನಿತ್ತು ಎಂದು ಕೇಳಿದ. ಅಕ್ಕೋರು ಕುರ್ಚಿಯ ಮೇಲೆ ಕುಳಿತು ಹೇಳಿದರು. ಕಿವಿ ಕೇಳದ ಮಗು ಶಾಲೆಗೆ ಬರುವ ಮೊದಲು ಮನೆಯವರ ಜೊತೆ ತನ್ನದೇ ಸನ್ನೆಗಳಲ್ಲಿ ಮಾತಾಡುತ್ತದೆ. ನೀರಿಗೊಂದು, ಹಸುವಿಗೊಂದು, ಹೆದರಿಕೆಗೊಂದು. ಒಂದು ಮನೆಯದು ಇನ್ನೊಂದು ಮನೆಗೆ ತಿಳಿಯದು. ಶಾಲೆಯ ಸನ್ನೆ ಕಲಿತ ಮೇಲೆ ಮಕ್ಕಳು ಅದನ್ನು ಬಿಟ್ಟುಬಿಡುತ್ತಾರೆ. ಅದಕ್ಕೇ ಅಕ್ಕೋರು ಹೊಸದಾಗಿ ಸೇರಿದ ಪ್ರತಿ ಮಗುವಿನ ವಿಡಿಯೋ ಮಾಡಿ, ಯಾವ ಸನ್ನೆಗೆ ಏನು ಅರ್ಥ ಎಂದು ಅದರಲ್ಲೇ ಹೇಳಿಟ್ಟಿದ್ದರು. ಹತ್ತು ವರ್ಷಗಳ ವಿಡಿಯೋಗಳು, ಮುನ್ನೂರಕ್ಕೂ ಹೆಚ್ಚು.

ಅದು ಇವತ್ತೇ ಬೇಕಾಗಿತ್ತು. ಮಂಗಳವಾರ ಸಂಜೆ ಹಿರೇಕೆರೂರು ಕಡೆಯ ಹಳ್ಳಿಯಿಂದ ಚಂದ್ರವ್ವ ಎಂಬ ಆರು ವರ್ಷದ ಹುಡುಗಿಯನ್ನು ಅವಳ ಅಪ್ಪ ಶಾಲೆಗೆ ಸೇರಿಸಿ, ಕಬ್ಬು ಕಡಿಯುವ ಕೆಲಸಕ್ಕೆ ದೂರ ಹೋಗಿದ್ದ. ಅವನ ಫೋನು ಹತ್ತುತ್ತಿರಲಿಲ್ಲ. ಹುಡುಗಿ ಎರಡು ದಿನದಿಂದ ಒಂದಿಷ್ಟು ಹಾಲು ಬಿಟ್ಟು ಏನೂ ಮುಟ್ಟಿಲ್ಲ. ಬಾಗಿಲ ಬಳಿ ಕುಳಿತು, ಅಂಗೈಯಿಂದ ಮೊಣಕಾಲನ್ನು ಎರಡು ಸಲ ಸವರಿ ಎಲ್ಲರ ಮುಖ ನೋಡುತ್ತಾಳೆ. ಮೊಣಕಾಲು ನೋಯುತ್ತಿದೆಯೇನೋ ಎಂದು ಡಾಕ್ಟರಿಗೂ ತೋರಿಸಿದ್ದಾಯಿತು. ನೋವಿಲ್ಲ. ಆ ಮನೆಯದೇ ಇನ್ನೊಬ್ಬ ಹುಡುಗಿ, ಚಂದ್ರವ್ವನ ಸೋದರತ್ತೆ ಗಂಗವ್ವ, ಹಿಂದೆ ಇದೇ ಶಾಲೆಯಲ್ಲಿ ಓದಿದ್ದಳು. ಅವಳೂ ಮೊದಮೊದಲು ಹೀಗೇ ಸವರುತ್ತಿದ್ದುದು ಅಕ್ಕೋರಿಗೆ ನೆನಪಿತ್ತು. ಅರ್ಥ ಮಾತ್ರ ನೆನಪಿಗೆ ಬರಲಿಲ್ಲ. ವಿಡಿಯೋ ನೋಡೋಣ ಎಂದು ತೆರೆಯಲು ಹೋದಾಗಲೇ ಇದು ಗೊತ್ತಾಗಿದ್ದು.

ಅಕ್ಕೋರೇ ಅಂದರು:

"ತಪ್ಪು ನಂದ ತಮ್ಮಾ. ನೀ ಕೇಳಿದ್ದಿ. ನಾನ ಹೂಂ ಅಂದಿದ್ದೆ."

ತಪ್ಪಿಸಿಕೊಳ್ಳುವ ದಾರಿಯನ್ನು ಅವರೇ ಕೈಗೆ ಇಟ್ಟಂತಿತ್ತು. ಹೌದು ಎಂದು ತಲೆಯಾಡಿಸಿದ್ದರೆ ಸಾಕಿತ್ತು, ಊರಲ್ಲಿ ಯಾರೂ ಅವನನ್ನು ದೂರುತ್ತಿರಲಿಲ್ಲ. ಅವನು ಆ ಸಣ್ಣ ಬಾಣದ ಗುರುತನ್ನೇ ನೋಡುತ್ತ ಕುಳಿತ. ಸೋಮವಾರ ಇದನ್ನು ನೋಡಲು ಅರ್ಧ ನಿಮಿಷ ಸಾಕಿತ್ತು.

"ಇಲ್ರೀ ಅಕ್ಕೋರ," ಎಂದ. "ನಕಲು ಮಾಡೂದು ಅಂದ್ರ ಏನು ಅಂತ ನಿಮಗ ಗೊತ್ತಿರಲಿಲ್ಲ. ನನಗ ಗೊತ್ತಿತ್ತು. ನಾ ಕೇಳಿದೆ, ನೋಡಲಿಲ್ಲ. ತಪ್ಪು ನಂದು."

ಹೇಳಿದ ಮೇಲೆ ಅವನಿಗೆ ಸ್ವಲ್ಪ ಉಸಿರಾಡಿದಂತಾಯಿತು. ಡಿಸ್ಕ್ ಬಿಚ್ಚಿ ಪಕ್ಕಕ್ಕಿಟ್ಟ. ಇದನ್ನು ಇನ್ನು ಬಳಸಬಾರದು, ಬಳಸಿದಷ್ಟೂ ಹಳೆಯದರ ಮೇಲೆ ಹೊಸದು ಕೂರುತ್ತದೆ, ಎಷ್ಟು ಸಿಗುತ್ತದೋ ಹುಡುಕುತ್ತೇನೆ, ಆದರೆ ಅದಕ್ಕೆ ಮೂರ್ನಾಲ್ಕು ದಿನ ಬೇಕು ಎಂದು ತಿಳಿಸಿದ. ಮೂರ್ನಾಲ್ಕು ದಿನ ಎಂದ ಕೂಡಲೇ ಇಬ್ಬರಿಗೂ ಆ ಹುಡುಗಿಯ ನೆನಪಾಯಿತು.

ಆಗ ಫಕ್ಕೀರೇಶ ಕೇಳಿದ: "ಅಕ್ಕೋರ, ವಿಡಿಯೋ ಹೋತು. ವಿಡಿಯೋದಾಗ ಇದ್ದಾಕಿ ಎಲ್ಲಿದ್ದಾಳ್ರೀ?"

ಗಂಗವ್ವ ಮೋಟೆಬೆನ್ನೂರಿನ ಹತ್ತಿರ ಒಂದು ಹೊಲಿಗೆ ಶೆಡ್ಡಿನಲ್ಲಿ ಕೆಲಸಕ್ಕಿದ್ದಾಳೆ ಎಂದು ಅಕ್ಕೋರು ಕೇಳಿದ್ದರು. ಅಷ್ಟೇ ಗೊತ್ತು. ಹುಡುಗಿಯನ್ನು ಬಿಟ್ಟು ಅವರು ಹೋಗುವಂತಿರಲಿಲ್ಲ. ಒಂದು ಕಾಗದದ ಮೇಲೆ ನಾಲ್ಕು ಸಾಲು ಬರೆದುಕೊಟ್ಟರು. ಫಕ್ಕೀರೇಶ ಅಂಗಡಿಗೆ ಬೀಗ ಹಾಕಿ ಬೈಕು ಹತ್ತಿದ.

ಮೋಟೆಬೆನ್ನೂರಿನಲ್ಲಿ ಮೂರು ಕಡೆ ವಿಚಾರಿಸಿದ ಮೇಲೆ ಶೆಡ್ಡು ಸಿಕ್ಕಿತು. ಗಂಗವ್ವ ಕೊನೆಯ ಸಾಲಿನಲ್ಲಿ ಶಾಲೆಯ ಸಮವಸ್ತ್ರಗಳಿಗೆ ಕಾಲರ್ ಹೊಲಿಯುತ್ತಿದ್ದಳು. ಕಾಗದ ಓದಿದಳು. ಮತ್ತೊಮ್ಮೆ ಓದಿದಳು. ಮೊಣಕಾಲು ಸವರುವ ಸಾಲಿನ ಮೇಲೆ ಅವಳ ಬೆರಳು ನಿಂತಿತು. ಅವಳು ಮಿಷನ್ ನಿಲ್ಲಿಸಿ, ಮೇಲ್ವಿಚಾರಕಿಯ ಮುಂದೆ ಕಾಗದ ಹಿಡಿದು, ಉತ್ತರಕ್ಕೂ ಕಾಯದೆ ಚಪ್ಪಲಿ ಹುಡುಕತೊಡಗಿದಳು. ಮೇಲ್ವಿಚಾರಕಿ ಓದಿ, ಹೋಗಿ ಬಾ ಎಂದು ಕೈ ಬೀಸಿದಳು.

ಮಧ್ಯಾಹ್ನದ ಊಟದ ಹೊತ್ತಿಗೆ ಅವರು ಶಾಲೆ ಮುಟ್ಟಿದರು. ಚಂದ್ರವ್ವ ಅದೇ ಬಾಗಿಲ ಬಳಿ ಇದ್ದಳು. ಅತ್ತೆಯನ್ನು ಕಂಡು ಎದ್ದು ನಿಂತಳು, ಓಡಲಿಲ್ಲ. ನಿಂತಲ್ಲೇ ಬಗ್ಗಿ ಮೊಣಕಾಲನ್ನು ಎರಡು ಸಲ ಸವರಿದಳು. ಗಂಗವ್ವ ಅವಳ ಎದುರಿಗೆ ನೆಲದ ಮೇಲೆ ಕುಳಿತು ತನ್ನ ಮೊಣಕಾಲನ್ನೂ ಹಾಗೇ ಸವರಿದಳು. ಅಷ್ಟೇ. ಹುಡುಗಿ ಅವಳ ಕೊರಳಿಗೆ ಬಿದ್ದು ಅತ್ತಳು. ಎರಡು ದಿನದಲ್ಲಿ ಒಮ್ಮೆಯೂ ಅಳದವಳು ಅವಳು.

ಗಂಗವ್ವ ಶಾಲೆಯ ಸನ್ನೆಯಲ್ಲಿ ಅಕ್ಕೋರಿಗೆ ವಿವರಿಸಿದಳು. ಅಕ್ಕೋರು ಕಣ್ಣೊರೆಸಿಕೊಂಡು ಫಕ್ಕೀರೇಶನಿಗೆ ಹೇಳಿದರು:

"ಅದು ಅವ್ವ ಅಂತ ತಮ್ಮಾ. ಗಂಗವ್ವನ ಅವ್ವ ದಿನಾ ಮಲಗೂ ಮುಂದ ಮೊಣಕಾಲಿಗೆ ಎಣ್ಣಿ ತಿಕ್ಕೋತಾಳಂತ. ಈ ಕೂಸಿನ್ನ ಸಾಕಿದಾಕಿನೂ ಆಕೀನ. ಅಜ್ಜಿ ಎಲ್ಲಿ ಅಂತ ಕೇಳ್ಲಿಕ್ಕತ್ತಿತ್ತು, ಪಾಪ."

ಭಾನುವಾರ ಅವ್ವನನ್ನು ಬಸ್ಸಿನಲ್ಲಿ ಕರೆದುಕೊಂಡು ಬರುತ್ತೇನೆ ಎಂದು ಗಂಗವ್ವ ಕೈಯಲ್ಲೇ ಹೇಳಿದಳು. ನಡುವೆ ಎಷ್ಟು ರಾತ್ರಿ ಎಂದು ಬೆರಳು ಮಡಚಿ ತೋರಿಸಿದಳು. ಚಂದ್ರವ್ವ ಆ ಬೆರಳುಗಳನ್ನು ತಾನೇ ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ ಅತ್ತೆಯ ತೊಡೆಯ ಮೇಲೆ ಕುಳಿತು ಅನ್ನ ಸಾರು ಉಂಡಳು, ಎರಡನೆಯ ಸಲ ಹಾಕಿಸಿಕೊಂಡಳು.

ಡಿಸ್ಕಿನಿಂದ ಇನ್ನೂರು ಚಿಲ್ಲರೆ ವಿಡಿಯೋಗಳು ಮರಳಿ ಸಿಕ್ಕವು. ಒಂದಕ್ಕೂ ಹೆಸರಿರಲಿಲ್ಲ. ಶನಿವಾರ ಮಧ್ಯಾಹ್ನಗಳಲ್ಲಿ ಫಕ್ಕೀರೇಶ ಶಾಲೆಗೆ ಹೋಗಿ, ಅಕ್ಕೋರು ಮುಖ ನೋಡಿ ಗುರುತಿಸಿದಂತೆ ಒಂದೊಂದಕ್ಕೂ ಹೆಸರು ಬರೆದ. ಸಿಗದೇ ಹೋದವು ನೂರರ ಮೇಲಿದ್ದವು, ಗಂಗವ್ವನದೂ ಅದರಲ್ಲಿತ್ತು. ಅವನ್ನು ಹೊಸದಾಗಿ ಮಾಡಬೇಕಾಯಿತು. ಮಕ್ಕಳಿದ್ದ ಕಡೆಗೆ, ಈಗ ದೊಡ್ಡವರಾಗಿದ್ದವರ ಊರುಗಳಿಗೆ ಇಬ್ಬರೂ ಹೋದರು. ಕೆಲವರು ತಮ್ಮ ಹಳೆಯ ಸನ್ನೆಗಳನ್ನು ಮರೆತೇಬಿಟ್ಟಿದ್ದರು. ಅವು ಮತ್ತೆ ಬರಲಿಲ್ಲ. ಅದನ್ನು ಅಕ್ಕೋರು ಎಂದೂ ಎತ್ತಿ ಆಡಲಿಲ್ಲ. ಆದರೆ ಫಕ್ಕೀರೇಶನಿಗೆ ಅದು ಮರೆತುಹೋಗಲಿಲ್ಲ.

ಈಗಲೂ ಅವನು ಕಂಪ್ಯೂಟರ್ ಅಳಿಸಿ ಹೊಸದು ಹಾಕುತ್ತಾನೆ. ಗಿರಾಕಿ ಎಲ್ಲ ತೆಗೆದಿಟ್ಟಿದ್ದೇನೆ ಎಂದು ಅವಸರ ಮಾಡಿದರೆ, ಒಂದು ನಿಮಿಷ ಕುಳಿತುಕೊಳ್ಳಿ ಎನ್ನುತ್ತಾನೆ. ಪೆನ್ ಡ್ರೈವ್ ಇಸಿದುಕೊಂಡು ಬೇರೆ ಕಂಪ್ಯೂಟರಿಗೆ ಹಾಕಿ, ಒಂದೊಂದೇ ತೆರೆದು, ಇದು ನಿಮ್ಮದೇನಾ ಎಂದು ಅವರಿಗೇ ತೋರಿಸುತ್ತಾನೆ. ಅವರು ಹೌದು ಎಂದ ಮೇಲೂ ಕೊನೆಯದೊಂದನ್ನು ತೆರೆದು ನೋಡಿಯೇ ಕೆಲಸ ಶುರು ಮಾಡುತ್ತಾನೆ.

ನೀತಿ: ತಿಳಿಯದವರು ಹೂಂ ಎಂದ ಮಾತ್ರಕ್ಕೆ ತಿಳಿದವರ ಹೊಣೆ ಮುಗಿಯುವುದಿಲ್ಲ. ಇನ್ನೊಬ್ಬರದನ್ನು ಅಳಿಸುವ ಮೊದಲು ಕೇಳಿದರೆ ಸಾಲದು, ಅವರ ಪರವಾಗಿ ನಾವೂ ಒಮ್ಮೆ ಕಣ್ಣಾರೆ ನೋಡಬೇಕು. ನೋಡದೆ ತಪ್ಪಿದರೆ, ತಪ್ಪು ನನ್ನದು ಎಂದು ಹೇಳಿ ಸರಿಪಡಿಸಲು ಹೊರಡಬೇಕು.