ಒರಟು ಕಲ್ಲಿನ ಚೀಲ

ಚಾಕುವೊಂದು ಕಾಡಿನಲ್ಲಿ ಬಿಡಾರ ಹೂಡಲು ಹೊರಟಿತು. ಜೊತೆಗೊಂದು ಸಾಣೆಕಲ್ಲು ಬೇಕಿತ್ತು.

"ಮೊಂಡಾದಾಗ ಮಾತ್ರ ನನ್ನ ಹತ್ತಿರ ಬಾ," ಎಂದಿತು ನುಣುಪು ಕಲ್ಲು.

"ನಿನಗೆ ಬೇಕೆನಿಸಿದಾಗಲೆಲ್ಲ ಬಾ, ನಾನು ಬೇಡವೆನ್ನುವುದಿಲ್ಲ," ಎಂದಿತು ಒರಟು ಕಲ್ಲು. ಅದರ ಚೀಲದೊಳಗೆ ಏನೋ ಕಟಕಟ ಸದ್ದು ಮಾಡುತ್ತಿತ್ತು. ಏನೆಂದು ಕೇಳದೆ ಚಾಕು ಅದನ್ನೇ ಆರಿಸಿತು.

ಕಾಡಿನಲ್ಲಿ ಕೊಯ್ಯುವ ಕೆಲಸ ಕಡಿಮೆ. ಆದರೂ ಹೊಳಪಿನ ಆಸೆಗೆ ಚಾಕು ಹೊತ್ತುಹೊತ್ತಿಗೂ ಕಲ್ಲಿಗೆ ನೀರು ಚಿಮುಕಿಸಿ ಮೈ ಮಸೆದುಕೊಂಡಿತು. ನೀರು ಕಪ್ಪಗೆ ಇಳಿಯಿತು.

"ಈ ಕಪ್ಪು ಯಾರದು?" ಎಂದು ಚಾಕು ಕೇಳಿತು.

"ನಿನ್ನದೇ. ಇನ್ನು ಸಾಕೇ?" ಎಂದಿತು ಕಲ್ಲು.

"ಇನ್ನೊಂದೇ ಸಲ," ಎಂದಿತು ಚಾಕು.

ಬಿಡಾರ ಎತ್ತುವಾಗ ಉಳಿದದ್ದು ಮರದ ಹಿಡಿ ಮಾತ್ರ. ಕಲ್ಲು ಅದನ್ನು ತನ್ನ ಚೀಲಕ್ಕೆ ಹಾಕಿಕೊಂಡಿತು. ಒಳಗಿದ್ದ ಹಳೆಯ ಹಿಡಿಗಳು ಸರಿದು ಜಾಗ ಕೊಟ್ಟವು.