ಗುಂಡೇರಾಯನ ಉಪವಾಸವೂ ಊರ ಮಕ್ಕಳ ಬೆಲ್ಲವೂ

ಏಳು ಕೆರೆ, ಏಳು ಏರಿ ದಾಟಿದ ಮೇಲೆ ಒಂದು ರಾಜ್ಯ ಇತ್ತಂತೆ ಮಕ್ಕಳೇ. ಅಲ್ಲಿ ಗುಂಡೇರಾಯ ಅಂತ ಒಬ್ಬ ರಾಜ. ಮೈ ಗುಡಾಣದ ಹಾಗೆ, ಮನಸ್ಸು ಮಾತ್ರ ಸಾಸಿವೆಕಾಳು. ಎಂಜಲು ಕೈಯಲ್ಲಿ ಕಾಗೆ ಓಡಿಸದ ಜಿಪುಣ!

ಆ ಅರಮನೆಯಲ್ಲಿ ತಾತನ ಕಾಲದ ಒಂದು ಪದ್ಧತಿ. ರಾಜ ಹುಟ್ಟಿದ ದಿನ ತಕ್ಕಡಿಯ ಒಂದು ತಟ್ಟೆಯಲ್ಲಿ ಅವನು ಕೂರಬೇಕು. ಇನ್ನೊಂದು ತಟ್ಟೆಗೆ ಅವನ ತೂಕದಷ್ಟು ಬೆಲ್ಲ ಹಾಕಿ ಊರ ಮಕ್ಕಳಿಗೆ ಹಂಚಬೇಕು. ಒಂದೊಂದು ಬೆಲ್ಲದ ಅಚ್ಚು ಬಿದ್ದಾಗಲೂ ಗುಂಡೇರಾಯ ಎಣಿಸಿ ಎಣಿಸಿ ಹಲುಬ್ತಿದ್ದ. 'ಅಯ್ಯೋ, ಇಷ್ಟು ಬೆಲ್ಲ ಆ ಗೊಣ್ಣೆ ಸುರಿಸೋ ಹೈಕಳ ಬಾಯಿಗಾ? ನಾನು ಸಣ್ಣಗಾದರೆ ಬೆಲ್ಲ ಉಳಿಯುತ್ತಲ್ಲ!'

ಸರಿ, ಹುಟ್ಟುಹಬ್ಬ ಹತ್ತಿರ ಬಂತು, ಊಟ ಬಿಟ್ಟ. ಬರೀ ಗಂಜಿಯ ತಿಳಿ ಕುಡಿದ. ಒಂದಿಷ್ಟು ಬೆಲ್ಲ ಉಳಿದೇಬಿಡ್ತು! ಆದರೆ ತಕ್ಕಡಿಯಿಂದ ಇಳಿದವನೇ ಹೋಳಿಗೆ ಮೇಲೆ ಬಿದ್ದ.

ಒಳಗೆ ಹೊಟ್ಟೆಗೆ ದಿಗಿಲಾಯ್ತು. "ಈ ಯಜಮಾನನ್ನ ನಂಬೋ ಹಾಗಿಲ್ಲ. ಇನ್ಯಾವಾಗ ಬರ ತರ್ತಾನೋ! ಸಿಕ್ಕಿದ್ದನ್ನ ಕೂಡಿಡೋಣ, ಒಲೆ ಉರಿ ತಗ್ಗಿಸೋಣ" ಅಂದುಕೊಳ್ತು. ಇಳಿದ ಮೈ ಬಂತು, ಜೊತೆಗೆ ಇನ್ನಷ್ಟು ಬಂತು.

ಮರುವರ್ಷ ಗಂಜಿ ತಿಳಿಯನ್ನೂ ಬಿಟ್ಟು ನೀರುಮಜ್ಜಿಗೆ ಹಿಡಿದ. ಕೈಕಾಲು ತಣ್ಣಗಾದವು, ದರ್ಬಾರಿನಲ್ಲೇ ತೂಕಡಿಸಿದ. ಆದರೂ ಹೋದ ವರ್ಷದಷ್ಟೇ ಬೆಲ್ಲ ಬೇಕಾಯ್ತು. ಸಿಟ್ಟಿಗೆ ಎರಡರಷ್ಟು ತಿಂದ.

"ಹೇಳಿರಲಿಲ್ವಾ? ಬರ ಬಂದೇ ಬಂತು!" ಅಂತ ಹೊಟ್ಟೆ ತನ್ನ ಒಲೆಯ ಉರಿಯನ್ನ ಇನ್ನೂ ತಗ್ಗಿಸ್ತು.

ರಾಣಿ ಕೆಂಚಾಂಬೆ ನೋಡಿ ನೋಡಿ ಸಾಕಾಗಿ, "ಏನ್ರೀ ಇದು? ವರ್ಷಪೂರ್ತಿ ಹೊತ್ತು ಹೊತ್ತಿಗೆ ಮಿತವಾಗಿ ಉಣ್ಣಬಾರದಾ?" ಅಂದಳು.

"ನೀನು ಸುಮ್ನಿರು! ಹೋಗೋದು ನನ್ನ ಬೆಲ್ಲ."

ಮೂರನೇ ವರ್ಷ ಬರೀ ನೀರು. ರಾಜನಿಗೆ ಎಷ್ಟು ನಿತ್ರಾಣ ಅಂದ್ರೆ, ಸೇವಕರೇ ಎತ್ತಿ ತಕ್ಕಡಿಯಲ್ಲಿ ಕೂರಿಸಿದರು. ಬೆಲ್ಲ ಹಾಕಿದರು, ಹಾಕಿದರು, ಹಾಕಿದರು. ಉಗ್ರಾಣ ಬರಿದಾಯ್ತು, ರಾಜ ಕೂತ ತಟ್ಟೆ ನೆಲ ಬಿಟ್ಟು ಏಳಲೇ ಇಲ್ಲ!

"ಬೆಲ್ಲ ಮುಗೀತು, ಇಳಿಸ್ರೋ! ಹಸಿವಿನಿಂದ ಪ್ರಾಣ ಹೋಗ್ತಿದೆ!"

"ತಟ್ಟೆ ಏಳೋ ತನಕ ಇಳಿಯೋ ಹಾಗಿಲ್ಲ, ತಾತನ ಪದ್ಧತಿ" ಅಂದಳು ಕೆಂಚಾಂಬೆ. "ಬೆಲ್ಲ ಮುಗಿದರೇನು, ಬೆಲ್ಲ ಹಾಕಿ ಮಾಡಿದ್ದು ಇಲ್ವಾ? ತನ್ನಿ!"

ರಾಜನ ಊಟಕ್ಕೆ ಅಂತಲೇ ಮಾಡಿದ್ದ ಹೋಳಿಗೆ ಬಂತು. ಕಜ್ಜಾಯ ಬಂತು. ತಂಬಿಟ್ಟೂ ಬಂತು. "ನನ್ನ ಹೋಳಿಗೆ! ನನ್ನ ಕಜ್ಜಾಯ!" ಅಂತ ರಾಜ ಗೋಳೋ ಅಂತ ಅತ್ತ. ಕೊನೆಯ ಹರಿವಾಣ ಇಟ್ಟ ಮೇಲೇ ತಟ್ಟೆ ಎದ್ದದ್ದು. ಮಕ್ಕಳು ಹೋ ಅಂತ ಮುತ್ತಿಕೊಂಡರು, ಒಂದು ಚೂರೂ ಉಳಿಸಲಿಲ್ಲ.

ಕೆನ್ನೆಗೆಲ್ಲ ಬೆಲ್ಲ ಮೆತ್ತಿಕೊಂಡ ಒಬ್ಬಳು ಪೋರಿ ಬಂದು ರಾಜನಿಗೆ ಕೈಮುಗಿದಳು: "ಬುದ್ಧೀ, ಮುಂದಿನ ವರ್ಷಾನೂ ತಪ್ಪದೆ ಉಪವಾಸ ಮಾಡಿ!"

ನೋಡಿದ್ರಾ ಮಕ್ಕಳೇ? ಹೊಟ್ಟೆಗೆ ಬರ ತೋರಿಸಿದರೆ ಅದು ಕಣಜ ಕಟ್ಟುತ್ತೆ. ಮೈ ಇಳೀಬೇಕಾದ್ರೆ ದಿನಾ ಮಿತವಾಗಿ ಉಣ್ಣಿ, ಕೊಡಬೇಕಾದ್ದನ್ನ ನಗ್ತಾ ಕೊಡಿ.