ಜಠರದ ಹಿಂದಿನ ಜಿಡ್ಡು

ಹೊಳೆಯ ದಂಡೆಯಲ್ಲಿ ಸೋವಿದೇವ ಪಂಡಿತರ ಆಶ್ರಮ. ಶಿಷ್ಯರು ಅಲ್ಲಿ ವೈದ್ಯ ಕಲಿಯುತ್ತಿದ್ದರು.

ಮನುಷ್ಯನ ಒಳಗನ್ನು ಅರಿಯಲು ಅಲ್ಲೊಂದು ಪದ್ಧತಿಯಿತ್ತು. ಯಾರಾದರೂ ಒಪ್ಪಿಸಿದ ಮೃತದೇಹವನ್ನು ಹುಲ್ಲಿನಲ್ಲಿ ಸುತ್ತಿ, ಬಿದಿರಿನ ಪಂಜರದಲ್ಲಿಟ್ಟು, ಏಳು ದಿನ ಹೊಳೆಯಲ್ಲಿ ಮುಳುಗಿಸಿಡುವುದು. ಆಮೇಲೆ ಹೊರತೆಗೆದು, ಬೇರಿನ ಕುಂಚದಿಂದ ಮೆತ್ತಗೆ ಉಜ್ಜುತ್ತ ಪದರ ಪದರವಾಗಿ ನೋಡುವುದು.

ಹಿರಿಯ ಶಿಷ್ಯ ಬೊಪ್ಪಣ ಹೀಗೆ ಹನ್ನೊಂದು ದೇಹ ನೋಡಿದ್ದ. ಅವನ ತಲೆಗೆ ಸಣ್ಣದೊಂದು ಕೊಂಬೂ ಮೂಡಿತ್ತು.

ಗುರುಗಳು ಯಾತ್ರೆಗೆ ಹೋಗಿದ್ದಾಗ ಅಂಬಿಗರ ಹೊನ್ನ ಬಂದ. ಜೊತೆಗೆ ಹೆಂಡತಿ ಸಂಕವ್ವ.

“ಇಲ್ಲಿ ಸ್ವಾಮಿ,” ಎಂದು ಹೊನ್ನ ಎದೆಗೂಡಿನ ಕೆಳಗೆ ನಡುವಿಗೆ ಬೆರಳಿಟ್ಟ. “ಒಳಗಿಂದ ಬೆನ್ನಿಗೆ ಕೊರದಂಗಾಯ್ತದೆ. ಮುಂದಕ್ಕೆ ಬಗ್ಗಿ ಕೂತ್ರೆ ವಸಿ ಹಗುರ. ದೋಣಿ ನಡೆಸೋಕಾಗಲ್ಲ.”

ಬೊಪ್ಪಣ ಒತ್ತಿ ನೋಡಿದ. “ಜಠರ ಸರಿಯಾಗಿಯೇ ಇದೆಯಲ್ಲ.”

“ಅದರ ಹಿಂದುಗಡೆ ಸ್ವಾಮಿ.”

“ಅದರ ಹಿಂದೆ ಬೆನ್ನುಮೂಳೆಯವರೆಗೆ ರಕ್ತನಾಳ ಬಿಟ್ಟರೆ ಏನೂ ಇಲ್ಲ. ಹನ್ನೊಂದು ಸಲ ಕಣ್ಣಾರೆ ಕಂಡಿದ್ದೇನೆ. ಇಲ್ಲದ್ದು ಹೇಗಪ್ಪ ನೋಯುತ್ತದೆ?”

ನಿಜ ಹೇಳಬೇಕೆಂದರೆ, ಪ್ರತಿ ದೇಹದಲ್ಲೂ ಆ ಜಾಗದಲ್ಲಿ ಒಂದಿಷ್ಟು ಬೂದುಬಣ್ಣದ ಜಿಡ್ಡು ಇರುತ್ತಿತ್ತು. ಅವನು ಅದನ್ನು ತೊಳೆದು ಮುಂದಕ್ಕೆ ಹೋಗುತ್ತಿದ್ದ.

“ಕೇಳಿಸ್ತಾ?” ಎಂದಳು ಸಂಕವ್ವ ಗಂಡನಿಗೆ. “ಏಳು, ಸಾಕು ನಾಟಕ.”

ಮಾತು ಕಡವಿನ ಎರಡೂ ದಡಕ್ಕೆ ಹಬ್ಬಿತು. ಮೈಗಳ್ಳ ಹೊನ್ನ ಎಂದು ಮಕ್ಕಳೂ ಕೂಗಿದರು. ಅವನು ಬಗ್ಗಿಕೊಂಡೇ ದೋಣಿ ನಡೆಸಿದ. ಎರಡು ತಿಂಗಳಿಗೆ ಸತ್ತ.

ಅಷ್ಟರಲ್ಲಿ ಗುರುಗಳು ಯಾತ್ರೆಯಿಂದ ಮರಳಿದ್ದರು. ಸತ್ತ ದಿನ ಬೆಳಗ್ಗೆಯೇ ಸಂಕವ್ವ ಗಂಡನ ದೇಹವನ್ನು ಅವನದೇ ದೋಣಿಯಲ್ಲಿ ತಂದಳು.

“ತೆಗೆದು ನೋಡ್ಲಿ ಅಂದಿದ್ದ ಸ್ವಾಮಿ. ಕೊನೆವರೆಗೂ ಅದೇ ಮಾತು,” ಎಂದವಳು ಬೇಲಿಯಾಚೆ ಹೋಗಿ ನಿಂತಳು.

ಬೊಪ್ಪಣ ಪಂಜರ ತರಲು ಹೊರಟ.

“ಎಲ್ಲಿ ನೋವು ಅಂದಿದ್ದ?” ಎಂದು ಗುರುಗಳು ಕೇಳಿದರು.

ಬೊಪ್ಪಣ ತೋರಿಸಿದ.

“ನೀನೇನಂದೆ?”

“ಅಲ್ಲಿ ಏನೂ ಇಲ್ಲ ಅಂದೆ.”

“ಪಂಜರ ಬೇಡ. ಈಗಲೇ ತೆರೆ.”

“ಈಗಲೇ? ಏಳು ದಿನದ ನಿಯಮ ನಿಮ್ಮದೇ ಅಲ್ಲವೇ ಗುರುಗಳೇ?”

“ನನ್ನದೇ. ತೆರೆ.”

ಬೊಪ್ಪಣ ತೆರೆದ. ಜಠರವನ್ನು ಮೆಲ್ಲನೆ ಮೇಲಕ್ಕೆತ್ತಿದ. ಅವನ ಕೈ ಅಲ್ಲೇ ನಿಂತಿತು.

ಅಲ್ಲೊಂದು ಅಂಗವಿತ್ತು.

ಗೇಣುದ್ದ, ಮಾಸಲು ಹಳದಿ, ಕಾಳುಕಾಳಾದ ಮೈ. ತಲೆ ಸಣ್ಣ ಕರುಳಿನ ಮೊದಲ ತಿರುವಿನಲ್ಲಿ ಹುದುಗಿತ್ತು. ಒಡಲು ಬೆನ್ನುಮೂಳೆಯ ಮೇಲೆ ಅಡ್ಡ ಮಲಗಿತ್ತು. ಬಾಲ ಎಡಕ್ಕೆ ಹೋಗಿ ಗುಲ್ಮವನ್ನು ಮುಟ್ಟಿತ್ತು. ಆ ಅಂಗವನ್ನು ಇಂದು ಎಲ್ಲರೂ ಮೇದೋಜೀರಕ ಎನ್ನುತ್ತಾರೆ. ಆ ಆಶ್ರಮದಲ್ಲಿ ಅಂದು ಅದಕ್ಕೆ ಹೆಸರೇ ಇರಲಿಲ್ಲ.

ಅದರ ಒಡಲಲ್ಲಿ, ಹೊನ್ನ ಬೆರಳಿಟ್ಟ ಜಾಗದಲ್ಲೇ, ನೆಲ್ಲಿಕಾಯಿಯಷ್ಟು ದೊಡ್ಡ ಕಲ್ಲಿನಂಥ ಗಂಟು.

ಬೊಪ್ಪಣ ಗರ ಬಡಿದವನಂತೆ ನಿಂತ.

“ಈ ಅಂಗ... ಇವನೊಬ್ಬನಿಗೇ ಇದ್ದದ್ದೇ ಗುರುಗಳೇ?”

ಗುರುಗಳು ಬಾಲದ ತುದಿಯಿಂದ ಒಂದು ಚೂರು ಕತ್ತರಿಸಿ, ಹೊಳೆಯ ನೀರು ತುಂಬಿದ ಮಡಕೆಗೆ ಹಾಕಿ ಮುಚ್ಚಿಟ್ಟರು.

“ಮೊದಲೇ ತಿಳಿದಿದ್ದರೆ ಉಳಿಯುತ್ತಿದ್ದನೇ?”

“ಇಲ್ಲ. ಈ ಗಂಟಿಗೆ ನನ್ನಲ್ಲಿ ಮದ್ದಿಲ್ಲ.”

ಬೊಪ್ಪಣ ಉಸಿರು ಬಿಟ್ಟ. ಗುರುಗಳು ಬೇಲಿಯ ಕಡೆ ಕೈ ತೋರಿಸಿದರು.

“ಅವಳಿಗೆ ಹೇಳಿ ಬಾ.”

ಅವನು ಹೋದ. ಸಂಕವ್ವ ಕೇಳಿದಳು, “ಏನಾದ್ರೂ ಇತ್ತಾ ಸ್ವಾಮಿ?”

“ಇತ್ತವ್ವಾ. ಅವನು ಹೇಳಿದಲ್ಲೇ ಇತ್ತು. ನಾನು ತಪ್ಪು ಹೇಳಿದೆ.”

ಅವಳು ಕುಸಿದು ಕುಳಿತಳು. “ಮೊನ್ನೆ ಕೂಡ ನಾನೇ ಬೈದು ದೋಣಿಗೆ ಕಳಿಸಿದ್ನಲ್ಲಪ್ಪಾ! ನೀವು ಹೇಳಿದ್ರಿ ಅಂತ ನಂಬಿದೆ. ಅವ್ನನ್ನ ನಂಬಲಿಲ್ಲ.”

ಬೊಪ್ಪಣನಿಗೆ ಅವಳ ಮುಖ ನೋಡಲಾಗಲಿಲ್ಲ.

ಏಳನೆಯ ದಿನ ಗುರುಗಳು ಮಡಕೆಯನ್ನು ಅವನ ಮುಂದಿಟ್ಟರು. “ಕೈ ಹಾಕು.”

ಚೂರು ಇರಲಿಲ್ಲ. ಬೆರಳಿಗೆ ಬೂದುಬಣ್ಣದ ಜಿಡ್ಡು ಅಂಟಿತು.

ಆ ಜಿಡ್ಡಿನ ಗುರುತು ಅವನಿಗಿತ್ತು.

“ಹನ್ನೊಂದು ಸಲ...” ಎಂದ.

“ಅನ್ನ ಅರಗಿಸುವ ರಸ ಆ ಅಂಗದ್ದೇ ಇರಬೇಕು,” ಎಂದರು ಗುರುಗಳು. “ಉಸಿರಿರುವಾಗ ಕರುಳಿಗೆ ಹರಿಸುತ್ತದೆ. ಉಸಿರು ನಿಂತೊಡನೆ ಮೊದಲು ತನ್ನನ್ನೇ ಅರಗಿಸಿಕೊಳ್ಳುತ್ತದೆ. ನಾನು ಏಳು ದಿನ ಕಾಯಲು ಕಲಿಸಿದೆ. ನೀನು ಉಳಿದದ್ದನ್ನು ತೊಳೆದೆ.”

“ನಿಮಗೂ ತಿಳಿದಿರಲಿಲ್ಲವೇ?”

“ನಲವತ್ತು ವರ್ಷ ನಾನೂ ತೊಳೆದವನೇ.”

ಬೊಪ್ಪಣ ಎದ್ದ. ಬಿದಿರಿನ ಪಂಜರವನ್ನು ಎಳೆದು ತಂದು, ಕಾಲಿನಿಂದ ತುಳಿದು ಮುರಿದ.

“ಇನ್ನು ಮುಂದೆ ತಡ ಮಾಡುವುದಿಲ್ಲ ಗುರುಗಳೇ. ಸತ್ತ ದಿನವೇ ತೆರೆದು ನೋಡುತ್ತೇನೆ.”

ಗುರುಗಳು ಮಡಕೆಯ ನೀರನ್ನು ಹೊಳೆಗೆ ಚೆಲ್ಲಿದರು.

“ಅದೂ ತಡವೇ, ಬೊಪ್ಪಣ. ಹೊನ್ನ ಬದುಕಿದ್ದಾಗಲೇ ಬೆರಳಿಟ್ಟು ತೋರಿಸಿದ್ದ.”